ಟೇಸರ್ ದೂರು ಬಂದಾಗ ನಾನು ಮೊದಲು ಲಾಗ್ ಓದುತ್ತೇನೆ

ಪೊಲೀಸರು ಬಲಪ್ರಯೋಗ ಮಾಡಿದರು ಅಂತ ಬರುವ ದೂರುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಸ್ಟನ್ ಗನ್ (ಮೈಗೆ ಕರೆಂಟ್ ಹಾಯಿಸುವ ಆಯುಧ), ಅದರಲ್ಲೂ ತಂತಿ ಕಟ್ಟಿದ ಮುಳ್ಳುಗಳನ್ನು ದೂರದಿಂದ ಹಾರಿಸುವ ಟೇಸರ್ ಬಳಸಿದ ಕೇಸುಗಳು ನನ್ನ ಮೇಜಿಗೆ ಜಾಸ್ತಿ ಬರುತ್ತವೆ. ಈ ಕೆಲಸದಲ್ಲಿ ಗಟ್ಟಿಯಾದ ಒಂದು ಅಭ್ಯಾಸ ಇದೆ. ಅಧಿಕಾರಿ ಬರೆದ ರಿಪೋರ್ಟ್ ಮುಟ್ಟುವ ಮೊದಲು ಟೇಸರ್‌ನ ಲಾಗ್ ಓದುತ್ತೇನೆ.

ಟೇಸರ್ ತನ್ನ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದೆ. ಟ್ರಿಗರ್ ಯಾವಾಗ ಒತ್ತಿದರು, ಎಷ್ಟು ಹೊತ್ತು ಕರೆಂಟ್ ಓಡಿತು, ಎಲ್ಲ ಅದರ ಮೆಮೊರಿಯಲ್ಲಿ ಇರುತ್ತದೆ. ಒಂದು ಸಲ ಒತ್ತಿ ಬಿಟ್ಟರೆ ಸಾಮಾನ್ಯವಾಗಿ 5 ಸೆಕೆಂಡ್. ಬೆರಳು ತೆಗೆಯದೆ ಒತ್ತಿ ಹಿಡಿದರೆ ಅನೇಕ ಮಾದರಿಗಳು ಓಡುತ್ತಲೇ ಇರುತ್ತವೆ. 5 ಸೆಕೆಂಡ್ ಏನು ಮಹಾ ಅನ್ನಿಸಬಹುದು. ಆದರೆ ಸ್ನಾಯುಗಳೆಲ್ಲ ಬಿಗಿದುಕೊಂಡು, ಬೀಳುವಾಗ ಕೈ ಊರುವುದಕ್ಕೂ ಆಗದೆ ನೆಲಕ್ಕೆ ಅಪ್ಪಳಿಸಿದವರಿಗೆ ಅದು ಬಹಳ ಉದ್ದ. 2016ರಲ್ಲಿ ಇಂಗ್ಲೆಂಡಿನ ಟೆಲ್ಫರ್ಡ್‌ನಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ಡೇಲಿಯನ್ ಅಟ್ಕಿನ್ಸನ್ ಅವರ ಮೇಲೆ ಟೇಸರ್ 33 ಸೆಕೆಂಡ್ ಓಡಿತ್ತು. ಆಮೇಲೆ ಟೇಸರ್ ಹಾರಿಸಿದ ಪೊಲೀಸ್ ಅಧಿಕಾರಿಯೇ ಅವರ ತಲೆಗೆ ಒದ್ದರು. ಅಟ್ಕಿನ್ಸನ್ ಉಳಿಯಲಿಲ್ಲ. ಆ ಪೊಲೀಸ್ ಅಧಿಕಾರಿಗೆ 2021ರಲ್ಲಿ ಶಿಕ್ಷೆ ಆಯಿತು.

ಮೊದಲ ಸಲ ಟ್ರಿಗರ್ ಒತ್ತಿದ್ದಕ್ಕೆ ಬಹಳಷ್ಟು ಸಲ ಒಂದು ಕಾರಣ ಇರುತ್ತದೆ. ಕೈಯಲ್ಲಿ ಚಾಕು ಇತ್ತು, ಮೈಮೇಲೆ ಬಂದರು, ಹೀಗೆ. ಬಂದೂಕು ತೆಗೆಯುವ ಬದಲು ಟೇಸರ್ ತೆಗೆದಿದ್ದರಿಂದ ಜೀವ ಉಳಿದ ಕೇಸುಗಳೂ ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಚಿಂತೆ ಎರಡನೆಯ, ಮೂರನೆಯ ಸಲದ್ದು. ರಿಪೋರ್ಟಿನಲ್ಲಿ ಒಂದೇ ಸಾಲು ಇರುತ್ತದೆ: "ಆದೇಶ ಪಾಲಿಸಲಿಲ್ಲ, ಆದ್ದರಿಂದ ಮತ್ತೆ ಬಳಸಲಾಯಿತು." ಲಾಗನ್ನೂ ಬಾಡಿ ಕ್ಯಾಮೆರಾ ವಿಡಿಯೊವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಕೈ ಹಿಂದೆ ತಾ ಅಂತ ಕೂಗುತ್ತಿರುವಾಗಲೇ ಕರೆಂಟ್ ಓಡುತ್ತಿರುತ್ತದೆ, ಆ ಮನುಷ್ಯನಿಗೆ ಕೈ ಅಲ್ಲಾಡಿಸುವುದಕ್ಕೇ ಆಗುತ್ತಿಲ್ಲ, ಅದನ್ನೇ ಹಟ ಅಂದುಕೊಂಡು ಇನ್ನೊಂದು ಸಲ ಒತ್ತುತ್ತಾರೆ. ಕರೆಂಟ್ ನಿಂತ ಮೇಲೂ ಮೈ ನಡುಗುತ್ತದೆ, ಉಸಿರು ಹಿಡಿದುಕೊಳ್ಳಲು ಸಮಯ ಬೇಕು. ಆ ಸಮಯ ಕೊಟ್ಟರಾ ಇಲ್ವಾ? ನಾನು ಹುಡುಕುವುದು ಅದನ್ನೇ.

ಅದಕ್ಕೇ ಹೊಸದಾಗಿ ಸೇರಿದವರಿಗೆ ವಿಡಿಯೊವನ್ನು ಮೊದಲು ಶಬ್ದ ಇಲ್ಲದೆ ನೋಡಲು ಹೇಳುತ್ತೇನೆ. "ಒದ್ದಾಡಬೇಡ, ಒದ್ದಾಡಬೇಡ" ಅಂತ ಕಿವಿಗೆ ಬೀಳುತ್ತಿದ್ದರೆ ಕಣ್ಣಿಗೂ ಒದ್ದಾಟವೇ ಕಾಣಿಸುತ್ತದೆ. ಶಬ್ದ ತೆಗೆದರೆ ನೆಲದ ಮೇಲೆ ಬಿಗಿದು ಮಲಗಿದ ಒಂದು ದೇಹ ಕಾಣುತ್ತದೆ, ಅಷ್ಟೆ.

ಅಮೆರಿಕದಲ್ಲಿ 2011ರಲ್ಲಿ ಪೊಲೀಸರಿಗೇ ಕೊಟ್ಟ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಒಂದು ಸಲ ಬಳಸಿದ ಮೇಲೆ ನಿಂತು, ಇನ್ನೊಂದು ಸಲ ಬೇಕಾ ಅಂತ ನೋಡಬೇಕು. ಒಟ್ಟು 15 ಸೆಕೆಂಡ್ ದಾಟಿದರೆ ಸಾವು, ಗಂಭೀರ ಗಾಯದ ಅಪಾಯ ಹೆಚ್ಚಬಹುದು.

ಇನ್ನೊಂದು ವಿಷಯ ನನಗೆ ಸಿಟ್ಟು ತರಿಸುತ್ತದೆ. ದೂರದಿಂದ ಮುಳ್ಳು ಹಾರಿಸದೆ ಟೇಸರನ್ನು ನೇರವಾಗಿ ಮೈಗೆ ಒತ್ತುವುದು. ಹಾಗೆ ಬಳಸಿದರೆ ಇಡೀ ಮೈ ಬಿಗಿಯುವುದಿಲ್ಲ, ನೋವು ಮಾತ್ರ ಆಗುತ್ತದೆ. ಕೈಗೆ ಕೋಳ ಹಾಕಿ ಆಗಿದೆ, ಕಾರಿನೊಳಗೆ ಕೂರುತ್ತಿಲ್ಲ ಅಂತ ತೊಡೆಗೆ ಒತ್ತುತ್ತಾರೆ. ಅಲ್ಲಿ ಯಾರ ಜೀವಕ್ಕೆ ಅಪಾಯ ಇತ್ತು? ಬೇಗ ಮುಗಿಸಬೇಕಿತ್ತು ಅನ್ನುವುದಕ್ಕೆ ನೋವು ಕೊಡುವುದನ್ನು ನಾನು ದುರುಪಯೋಗ ಅಂತಲೇ ಬರೆಯುತ್ತೇನೆ.

ಹಾಗಂತ ಬರೀ ಸೆಕೆಂಡ್ ಎಣಿಸಿದರೂ ಸಾಲದು. 2023ರಲ್ಲಿ ಆಸ್ಟ್ರೇಲಿಯಾದ ಕೂಮಾದ ವೃದ್ಧಾಶ್ರಮದಲ್ಲಿ 95 ವರ್ಷದ ಕ್ಲೇರ್ ನೌಲ್ಯಾಂಡ್ ಅವರ ಮೇಲೆ ಪೊಲೀಸರೊಬ್ಬರು ಟೇಸರ್ ಹಾರಿಸಿದರು. ಅವರಿಗೆ ಮರೆವಿನ ಕಾಯಿಲೆಯ ಲಕ್ಷಣಗಳಿದ್ದವು, ಕೈಯಲ್ಲಿ ಚಾಕು ಇತ್ತು ನಿಜ, ಆದರೆ ನಡೆಯುತ್ತಿದ್ದುದು ವಾಕರ್ ಹಿಡಿದುಕೊಂಡು. ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಅಲ್ಲಿ ಕೇಳಬೇಕಾದ್ದು ಎಷ್ಟು ಹೊತ್ತು ಅಂತಲ್ಲ, ಒಂದು ಹೆಜ್ಜೆ ಹಿಂದೆ ಸರಿಯಲು ಏನು ಅಡ್ಡಿ ಇತ್ತು ಅಂತ.

ಪ್ರತಿ ಸಲ ಟ್ರಿಗರ್ ಒತ್ತಿದ್ದಕ್ಕೂ ಬೇರೆ ಬೇರೆ ಕಾರಣ ಬರೆಯುವಂತೆ ರಿಪೋರ್ಟ್ ಫಾರಂ ಬದಲಾಗಬೇಕು ಅಂತ ನಾನು ಒತ್ತಾಯಿಸುತ್ತೇನೆ. ಮೂರು ಸಲ ಒತ್ತಿದರೆ ಮೂರು ಕಾರಣ. ಲಾಗನ್ನು ಅದೇ ದಿನ, ಆ ಅಧಿಕಾರಿ ಬಿಟ್ಟು ಬೇರೆಯವರು ತೆಗೆದಿಡಬೇಕು. ಟೇಸರ್‌ನ ಗಡಿಯಾರ ಹಿಂದೆ ಮುಂದೆ ಓಡಿರಬಹುದು, ಆಗ ವಿಡಿಯೊದ ಸಮಯಕ್ಕೆ ಹೊಂದುವುದಿಲ್ಲ, ಅದೇ ನೆಪದಲ್ಲಿ ಒಳ್ಳೆಯ ಸಾಕ್ಷಿ ಪಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಎಷ್ಟು ವ್ಯತ್ಯಾಸ ಇದೆ ಅಂತ ತೆಗೆಯುವಾಗಲೇ ಬರೆದಿಡಿ.