ಹೋಂಸ್ಟೇ ಯಾಕೆ ಮಾಡಬಾರದು ಅಂತ ಕೇಳುವವರಿಗೆ

ಮಾಡುವುದಿಲ್ಲ. ಉತ್ತರ ಇಷ್ಟೇ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು.

ನಮ್ಮದು ತೀರ್ಥಹಳ್ಳಿ ಕಡೆಯ ತೊಟ್ಟಿ ಮನೆ. ಕೆಲವರು ಚೌಕಿ ಮನೆ ಅಂತಾರೆ. ನಡುವೆ ಆಕಾಶಕ್ಕೆ ಬಾಯಿ ತೆರೆದ ತೊಟ್ಟಿ, ಸುತ್ತ ಜಗಲಿ, ಹಲಸಿನ ಮರದ ಕಂಬ, ಕಾವಿ ನೆಲ, ಮೇಲೆ ಮಂಗಳೂರು ಹೆಂಚು. ನಾನು ಮದುವೆಯಾಗಿ ಈ ಮನೆಗೆ ಬಂದು 26 ವರ್ಷ ಆಯಿತು. ಮೊದಲ ಹದಿನೈದು ವರ್ಷ ಬಂದವರೆಲ್ಲ "ಇದನ್ನ ಕೆಡವಿ ಒಂದು ಆರ್‌ಸಿಸಿ ಮನೆ ಕಟ್ಟಬಾರದಾ?" ಅಂತ ಕೇಳುತ್ತಿದ್ದರು. ಈಗ ಅದೇ ಜನ ಬಂದು "ಇದನ್ನ ಹೋಂಸ್ಟೇ ಮಾಡಬಾರದಾ?" ಅಂತಾರೆ. ಮಧ್ಯೆ ಮನೆ ಅಂತೂ ಬದಲಾಗಿಲ್ಲ. ಅವರ ಫೋನಿಗೆ ಒಳ್ಳೆ ಕ್ಯಾಮೆರಾ ಬಂದಿದೆ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಗೆ ನನಗೆ ಸಿಟ್ಟು. "ಇಷ್ಟು ದೊಡ್ಡ ಮನೆ, ಸುಮ್ನೆ ಖಾಲಿ ಬಿದ್ದಿದೆಯಲ್ಲ" ಅಂತ ಶುರು ಮಾಡುತ್ತಾರೆ. ಖಾಲಿ! ಅಡಿಕೆ ಕೊಯ್ಲು ಶುರುವಾದರೆ ಈ ಜಗಲಿಯಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇಟ್ಟುಕೊಂಡು ಎಂಟು ಜನ ಕೂತಿರುತ್ತಾರೆ. ಕಾಲಿಡಲು ಜಾಗ ಇರುವುದಿಲ್ಲ. ಆಮೇಲೆ ನಮ್ಮನೆಯವರ ಕಡೆ ತಿರುಗಿ, "ಜಾಸ್ತಿ ಏನಿಲ್ಲ ಮಾರಾಯ್ರೇ, ಎರಡು ಅಟ್ಯಾಚ್ಡ್ ಬಾತ್‌ರೂಮ್ ಹಾಕ್ಸಿದ್ರೆ ಆಯ್ತು" ಅಂತಾರೆ. ಕೊನೆಗೆ ನನ್ನ ಕಡೆ ನೋಡಿ, "ಅಕ್ಕನ ಕೈ ಕಡುಬು ಇದ್ದಮೇಲೆ ಜನ ಮುಗಿಬೀಳ್ತಾರೆ." ಗಮನಿಸಿದಿರಾ? ಹೋಂಸ್ಟೇ ಅವರದ್ದು, ಕಡುಬು ನನ್ನದು.

ಒಂದು ಸಲ ಈ ಆಸೆಗೂ ಬಿದ್ದು ನೋಡಿದ್ದೇವೆ. ಮೂರು ವರ್ಷದ ಹಿಂದೆ, ಅಕ್ಟೋಬರ್ ರಜೆಯಲ್ಲಿ. ನಮ್ಮನೆಯವರ ಸ್ನೇಹಿತರ ಪರಿಚಯದವರು ಆರು ಜನ, ಬೆಂಗಳೂರಿನಿಂದ ಎರಡು ರಾತ್ರಿಗೆ ಬಂದರು. ಒಳ್ಳೆಯ ಜನವೇ. ಬಂದು ಹತ್ತು ನಿಮಿಷಕ್ಕೆ ಅವರಲ್ಲಿ ಎತ್ತರದವರೊಬ್ಬರು ನಡುಮನೆ ಬಾಗಿಲಿಗೆ ತಲೆ ಜಪ್ಪಿಕೊಂಡರು. ನಾನು "ಬಗ್ಗಿ, ಬಗ್ಗಿ" ಅಂತ ಕೂಗುವಷ್ಟರಲ್ಲಿ ಹಣೆ ಊದಿತ್ತು. ಅರಿಸಿನ ಹಚ್ಚಿದೆ. ಅದರದ್ದೂ ಫೋಟೋ ತೆಗೆದರು.

ಅವರಲ್ಲೇ ಇನ್ನೊಬ್ಬರು ಕೊಟ್ಟಿಗೆ ಹತ್ತಿರ ಪೇರಿಸಿಟ್ಟ ಹೆಂಚುಗಳಲ್ಲಿ ಒಂದನ್ನು ಎತ್ತಿ ನೋಡಿದರು. ಅದರ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚು ಇತ್ತು. "ನೂರಾ ಐವತ್ತು ವರ್ಷಕ್ಕೂ ಹಳೇ ಮನೆ ಕಣ್ರೋ!" ಅಂತ ಎಲ್ಲರನ್ನೂ ಕರೆದರು. ಅಲ್ಲ ಸ್ವಾಮಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನ್ನಿನ ಪಾದ್ರಿಗಳ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಸುಟ್ಟ ಹೆಂಚಿಗೂ ಅದೇ ಅಚ್ಚು ಬೀಳುತ್ತಿತ್ತು. ಮಾವನ ಅಜ್ಜನ ಲೆಕ್ಕದ ಪುಸ್ತಕದ ಪ್ರಕಾರ ಈ ಮನೆಗೆ ಕಂಬ ನಿಲ್ಲಿಸಿದ್ದು 1911ರಲ್ಲಿ. ಹೆಂಚನ್ನು ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿಸಿ ತಂದದ್ದಂತೆ. ಅದಕ್ಕೆ ಮೊದಲು ಇಲ್ಲಿ ಇದ್ದದ್ದು ಸೋಗೆ ಮನೆ. ಇದನ್ನೆಲ್ಲ ಹೇಳಿದೆ. ಅವರ ಮುಖ ಸಪ್ಪಗಾಯಿತು. 1911 ಅವರಿಗೆ ಸಾಲಲಿಲ್ಲ.

ರಾತ್ರಿಯದ್ದು ಇನ್ನೊಂದು ಕಥೆ. ಈ ಮನೆಯಲ್ಲಿ ಕೋಣೆಗಳ ಗೋಡೆ ಮಾಡಿನವರೆಗೆ ಹೋಗುವುದಿಲ್ಲ. ಮೇಲೆ ಹಲಗೆಯ ಅಟ್ಟ, ಅದರ ಸಂದಿಯಲ್ಲಿ ಸದ್ದು ಇಡೀ ಮನೆ ಸುತ್ತುತ್ತದೆ. ಈ ಕೋಣೆಯ ಗೊರಕೆ ಆ ಕೋಣೆಗೆ, ಆ ಕೋಣೆಯ ಜಗಳ ಅಡುಗೆಮನೆಗೆ. ಬಂದವರಲ್ಲಿ ಒಂದು ಜೋಡಿ ಪಿಸುದನಿಯಲ್ಲೇ ಜಗಳ ಆಡಿತು. ಮನೆ ಸಾಲದ ಕಂತಿನ ವಿಷಯ. ಬಡ್ಡಿ ಎಷ್ಟು ಅನ್ನುವುದೂ ನಮಗೆ ಗೊತ್ತಾಯಿತು. ಬೆಳಿಗ್ಗೆ ಕಾಫಿ ಕೊಡುವಾಗ ನಾನು ಲೋಟ ಬಿಟ್ಟು ಬೇರೇನೂ ನೋಡಲಿಲ್ಲ. ಆ ಹೆಂಗಸು, ಪಾಪ, "ಎಷ್ಟು ಶಾಂತವಾಗಿದೆ ಅಲ್ವಾ ಅಕ್ಕಾ ನಿಮ್ಮನೆ" ಅಂದರು. ನಾನು ಹ್ಞೂಂ ಅಂದೆ.

ಹಾಗಂತ ನನಗೆ ಈ ಮನೆ ಇಷ್ಟ ಇಲ್ಲ ಅಂತಲ್ಲ. ಏಪ್ರಿಲ್ ಮಧ್ಯಾಹ್ನ ಊಟ ಆದಮೇಲೆ ಕಾವಿ ನೆಲದ ಮೇಲೆ, ಚಾಪೆಯೂ ಇಲ್ಲದೆ, ಕೆನ್ನೆ ಒತ್ತಿ ಮಲಗಿದವರಿಗೆ ಗೊತ್ತು. ತೊಟ್ಟಿಯಿಂದ ಬೀಳುವ ಬಿಸಿಲಿನ ಚೌಕ ಮೆಲ್ಲಗೆ ಸರಿಯುತ್ತಾ ಹೋಗುತ್ತದೆ. ಅದು ಮೂಡಣ ಜಗಲಿಯ ಎರಡನೇ ಕಂಬದ ಬುಡ ಮುಟ್ಟಿದರೆ ಮೂರೂವರೆ, ಕಾಫಿಗೆ ನೀರಿಡಬೇಕು. ಇದು ಏಪ್ರಿಲ್ ಲೆಕ್ಕ. ಡಿಸೆಂಬರಿಗೆ ಬೇರೆ. ಅತ್ತೆಗೆ ಹನ್ನೆರಡು ತಿಂಗಳ ಲೆಕ್ಕವೂ ಬಾಯಲ್ಲೇ ಇದೆ. ನನಗೆ ಏಪ್ರಿಲ್, ಮೇ ಎರಡೇ ಗೊತ್ತು. ಅಷ್ಟು ಹೊತ್ತು ಮಲಗಲು ಬಿಡುವು ಸಿಗುವುದೇ ಆಗ.

ಆ ಬಿಡುವೂ ಮೇ ಎರಡನೇ ವಾರಕ್ಕೆ ಮುಗಿಯುತ್ತದೆ. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ಒಂದೊಂದನ್ನೇ ತೆಗೆದು, ಕಸ ಗುಡಿಸಿ, ಒಡೆದದ್ದು ಬದಲಿಸಿ, ಮತ್ತೆ ಕೂರಿಸಬೇಕು. ಮಂಗಗಳು ಬೇರೆ ವರ್ಷವಿಡೀ ಮಾಡಿನ ಮೇಲೆ ಹಾರಾಡಿ ಒಡೆಯುತ್ತವೆ. ಮೊದಲು ಈ ಕೆಲಸಕ್ಕೆ ಬರುತ್ತಿದ್ದವರಿಗೆ ಈಗ ಮಂಡಿನೋವು, ಮಗ ಆಟೋ ಓಡಿಸುತ್ತಾನೆ. ಇನ್ನು ಮರದ ಕಥೆ. ಸೌದೆ ಒಲೆ ಇದ್ದಾಗ ಹೊಗೆ ಹೋಗಿ ಹೋಗಿ ಅಟ್ಟದ ಜಂತೆ, ಪಕಾಸಿ ಎಲ್ಲ ಕಪ್ಪಗಾಗಿದ್ದವು. ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂದಮೇಲೆ ಕುಟ್ಟೆ ಹಿಡಿಯಿತು. ರಾತ್ರಿ ಕಿರ್ರ್ ಕಿರ್ರ್ ಅಂತ ಕೇಳುತ್ತದೆ, ಬೆಳಿಗ್ಗೆ ನೆಲದ ಮೇಲೆ ಹಿಟ್ಟಿನ ಹಾಗೆ ಪುಡಿ. ಗುಡಿಸುವುದು ಯಾರು ಅಂತ ಬೇರೆ ಹೇಳಬೇಕಾ?

ಕಂಬ ಮಾರ್ತೀರಾ ಅಂತ ಕೇಳಿಕೊಂಡು ಬರುವವರ ಬಗ್ಗೆ ಬರೆಯುವುದಿಲ್ಲ. ಅವರಿಗೆ ಕಾಫಿಯನ್ನೂ ಕೊಡುವುದಿಲ್ಲ.

ಇಷ್ಟು ವರ್ಷದಲ್ಲಿ ಬಂದ ಒಬ್ಬರೂ ಕೇಳದ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದರೆ ಕೂರಿಸಿ ಕಡುಬು ಹಾಕುತ್ತೇನೆ, ಸತ್ಯವಾಗಿ. ಈ ತೊಟ್ಟಿಗೆ ಬೀಳುವ ನೀರು ಎಲ್ಲಿಗೆ ಹೋಗುತ್ತದೆ?

ಯೋಚನೆ ಮಾಡಿ. ಮನೆಯ ನಟ್ಟನಡುವೆ ಒಂದು ತೂತು. ನಾಲ್ಕೂ ಕಡೆಯ ಮಾಡು ಒಳಗೇ ಇಳಿಜಾರು. ನಮ್ಮ ತೊಟ್ಟಿ ಹನ್ನೆರಡಕ್ಕೆ ಹನ್ನೆರಡು ಅಡಿ, ಆದರೆ ಅದರೊಳಕ್ಕೆ ನೀರು ಸುರಿಯುವ ಮಾಡೂ ಸೇರಿದರೆ 900 ಚದರ ಅಡಿ. ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ 8,000 ಲೀಟರಿಗೂ ಜಾಸ್ತಿ ನೀರು ಮನೆಯೊಳಗೇ ಬೀಳುತ್ತದೆ. ಜುಲೈಯಲ್ಲಿ ನಮ್ಮ ಕಡೆ 100 ಮಿಲಿಮೀಟರ್ ಅಂದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ನಮ್ಮ ತಾಲ್ಲೂಕಿನದ್ದೇ ಆಗುಂಬೆಯಲ್ಲಿ ವರ್ಷಕ್ಕೆ 7,000 ದಾಟುತ್ತದೆ.

ಅಡುಗೆಮನೆ ಕಡೆಯ ಮೂಲೆಯಲ್ಲಿ ಐದು ತೂತಿನ ಒಂದು ಕಲ್ಲಿದೆ. ಎತ್ತಿದರೆ ಅದರಡಿ ಕಲ್ಲಿನ ಚರಂಡಿ. ಮೇಲೆ ಚಪ್ಪಡಿ ಮುಚ್ಚಿದೆ. ಅದು ಜಗಲಿ ಅಡಿಯಿಂದ, ನಾವು ಮಲಗುವ ಕೋಣೆ ಅಡಿಯಿಂದ, ಬಚ್ಚಲ ಹಿಂದೆ ಹೊರಬಿದ್ದು ತೋಟದ ಬಸಿಗಾಲುವೆ ಸೇರುತ್ತದೆ. ಒಟ್ಟು 38 ಅಡಿ. ಮಾವ ಹೇಳುತ್ತಿದ್ದರು: ನೆಲ ಹಾಕುವ ಮೊದಲು ಕೊಡದಲ್ಲಿ ನೀರು ಹೊಯ್ದು ಹೊಯ್ದು ವಾಟ ನೋಡಿದ್ದರಂತೆ. ನೀರು ನಿಂತ ಕಡೆ ಕಲ್ಲು ಕಿತ್ತು ಮತ್ತೆ ಹಾಸಿದ್ದರಂತೆ. ಕಂಬದ ಕೆತ್ತನೆ ನೋಡಿ "ವಾವ್" ಅನ್ನುವವರಿಗೆ ಕಾಲಡಿಯ ಈ ಕೆಲಸ ಕಾಣುವುದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹೆರಿಟೇಜ್ ವಿಲೇಜ್ ಇದೆಯಲ್ಲ, ಅಲ್ಲಿಗೆ ಹೋಗಿದ್ದೆವು. ಕುಂಜೂರು ಚೌಕಿ ಮನೆಯಲ್ಲಿ ಎಲ್ಲರೂ ಬಾಗಿಲು ನೋಡುತ್ತಿದ್ದರೆ ನಾನು ಬಗ್ಗಿ ನೀರು ಹೋಗುವ ಜಾಗ ಹುಡುಕುತ್ತಿದ್ದೆ. ಕಿವಿಯೋಲೆ ಬಿತ್ತಾ ಅಂತ ಒಬ್ಬರು ಕೇಳಿದರು.

ಆ ಅತಿಥಿಗಳು ಬಂದು ಹೋದ ಮರು ಮಳೆಗಾಲ. ಜುಲೈ, ಕರೆಂಟ್ ಹೋಗಿ ಎರಡು ದಿನ. ರಾತ್ರಿ ಒಂದೂವರೆಗೆ ಅತ್ತೆ ಎಬ್ಬಿಸಿದರು. "ಚರಂಡಿ ಸದ್ದು ನಿಂತಿದೆ ನೋಡೇ." ಮಳೆಯೇನೋ ಹುಯ್ಯುತ್ತಲೇ ಇತ್ತು. ನೆಲದಡಿಯ ಗುಳುಗುಳು ಮಾತ್ರ ಇಲ್ಲ. ಅದು ನಿಂತದ್ದಕ್ಕೇ ಅವರಿಗೆ ಎಚ್ಚರ ಆಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ತೊಟ್ಟಿ ತುಂಬಿ ಜಗಲಿಗೆ ಎರಡೇ ಬೆರಳು ಬಾಕಿ. ಆ ಕಡೆ ಕೋಣೆಯಲ್ಲಿ ಒಣಗಿದ ಅಡಿಕೆ ಚೀಲ.

ನಮ್ಮನೆಯವರು ಕಂಬಳಿಕೊಪ್ಪೆ ಹಾಕಿಕೊಂಡು ಬಚ್ಚಲ ಹಿಂದಿನಿಂದ ಬಿದಿರ ಗಳ ತೂರಿಸಿದರು. ನಾನು ಈ ಕಡೆಯಿಂದ ಕಲ್ಲು ಎತ್ತಿ ಭುಜದವರೆಗೆ ಕೈ ಹಾಕಿದೆ. ಹಾಕಿಕೊಂಡೇ ಬೈದೆ. ಆ ಬೆಂಗಳೂರಿನವರೇ ಚಿಪ್ಸ್ ಕವರೋ, ಶಾಂಪೂ ಪ್ಯಾಕೆಟ್ಟೋ ಹಾಕಿ ಹೋಗಿರಬೇಕು, ನಾನು ಆವತ್ತೇ ಹೇಳಿದ್ದೆ, ಹೋಂಸ್ಟೇ ಅಂತೆ ಹೋಂಸ್ಟೇ. ಮಳೆ ಸದ್ದಿನಲ್ಲೂ ನನ್ನ ದನಿ ಬಚ್ಚಲ ಹಿಂದಕ್ಕೆ ಕೇಳುತ್ತಿತ್ತಂತೆ.

ಮುಕ್ಕಾಲು ಗಂಟೆ ಕುಕ್ಕಿದ ಮೇಲೆ ಒಮ್ಮೆಲೇ ಬಿಟ್ಟುಕೊಂಡಿತು. ತೊಟ್ಟಿ ನೀರು ಸುಳಿ ತಿರುಗಿ ಇಳಿಯಿತು. ಆಚೆ ಕಡೆಯಿಂದ ನಮ್ಮನೆಯವರು ಕೂಗಿದರು, "ಸಿಕ್ತು, ಸಿಕ್ತು!" ಕಾಲಿಗೆ ರಕ್ತ ಹೀರುವ ನಾಲ್ಕು ಇಂಬಳ ಅಂಟಿಸಿಕೊಂಡು ಒಳಗೆ ಬಂದು ಅದನ್ನು ನನ್ನ ಮುಂದೆ ಇಟ್ಟರು. ಗೊಸರು, ಕೊಳೆತ ಎಲೆ, ಅದರ ಮಧ್ಯೆ ಗೇಣುದ್ದ ಇಲ್ಲದ ಒಂದು ನೀಲಿ ರಬ್ಬರ್ ಚಪ್ಪಲಿ. ನಮ್ಮ ಮಗನದ್ದು. ಮೂರು ವರ್ಷದವನಿದ್ದಾಗ ಕಳೆದದ್ದು. ಕೆಲಸಕ್ಕೆ ಬರುತ್ತಿದ್ದವಳ ಮಗು ಹಾಕಿಕೊಂಡು ಹೋಗಿದೆ ಅಂತ ನಾನು ಆಗ ಅವಳ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ನಮ್ಮನೆಯವರು ಏನೂ ಹೇಳಲಿಲ್ಲ. ಇಂಬಳಕ್ಕೆ ಸುಣ್ಣ ಕೇಳಿದರು, ಅಷ್ಟೇ.

ಬೆಳಿಗ್ಗೆ ಅದನ್ನು ತೊಳೆದು ಫೋಟೋ ತೆಗೆದು ಮಗನಿಗೆ ಕಳಿಸಿದೆ. ಅವನೀಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಇನ್ನೊಂದು ಎಲ್ಲಿ ಅಂತ ಕೇಳಿದ. ಅದನ್ನು ಆವತ್ತೇ ಬಿಸಾಡಿದ್ದೆ.