ಸರ್ವೆ ನಂಬರಿನ ಗಡಿಯಲ್ಲಿ ನಿಂತುಹೋಗುವ ರಸ್ತೆಗಳು

ಹಾಸನದಲ್ಲಿ ವಾಹನ ದಟ್ಟಣೆಯ ಮಾತು ಬಂದಾಗಲೆಲ್ಲ ಚರ್ಚೆ ರಸ್ತೆಯ ಅಗಲಕ್ಕೇ ಹೋಗಿ ನಿಲ್ಲುತ್ತದೆ. ಬಿ.ಎಂ. ರಸ್ತೆಯನ್ನು ಇನ್ನಷ್ಟು ಅಗಲ ಮಾಡಬೇಕು, ಸಾಲಗಾಮೆ ರಸ್ತೆಯಲ್ಲಿ ವಾಹನ ನಿಲ್ಲಿಸುವುದನ್ನು ತಡೆಯಬೇಕು, ಇಂಥ ವೃತ್ತಕ್ಕೆ ಸಿಗ್ನಲ್ ಬೇಕು ಎಂಬ ಬೇಡಿಕೆಗಳನ್ನು ಎಲ್ಲರೂ ಮುಂದಿಡುತ್ತಾರೆ. ಆದರೆ ಆ ರಸ್ತೆಗಳಿಗೆ ಇಷ್ಟೊಂದು ವಾಹನಗಳು ಎಲ್ಲಿಂದ ಬಂದು ಬೀಳುತ್ತವೆ ಎಂದು ಕೇಳುವವರು ಕಡಿಮೆ. ಊರಿನ ಅಂಚಿನ ಹೊಸ ಬಡಾವಣೆಗಳನ್ನು ಒಮ್ಮೆ ಒಳಹೊಕ್ಕು ನೋಡಿದರೆ ಉತ್ತರ ಕಣ್ಣಿಗೆ ಬೀಳುತ್ತದೆ: ಅವುಗಳಲ್ಲಿ ಎಷ್ಟೋ ಬಡಾವಣೆಗಳಿಂದ ಪಕ್ಕದ ಬಡಾವಣೆಗೆ ಹೋಗಬೇಕಾದರೂ ಮುಖ್ಯರಸ್ತೆಗೆ ಇಳಿಯದೆ ಬೇರೆ ದಾರಿಯಿಲ್ಲ.

ಕೆ.ಆರ್. ಪುರಂ, ಕುವೆಂಪುನಗರದಂತಹ ಹಳೆಯ ಬಡಾವಣೆಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಒಂದು ಕ್ರಾಸಿನಲ್ಲಿ ಯಾರದೋ ಮದುವೆಯ ಚಪ್ಪರ ಹಾಕಿದ್ದರೆ ಮುಂದಿನ ಕ್ರಾಸಿನಲ್ಲಿ ತಿರುಗಿಕೊಂಡು ಹೋಗಬಹುದು. ಹೊಸ ಬಡಾವಣೆಗಳ ರಸ್ತೆಗಳೇನೂ ಕಿರಿದಲ್ಲ, ಮೂವತ್ತು ಅಡಿ, ನಲವತ್ತು ಅಡಿ ಎಂದು ಬ್ರೋಷರಿನಲ್ಲಿ ಹೆಮ್ಮೆಯಿಂದಲೇ ಅಚ್ಚಾಗಿರುತ್ತದೆ. ಆದರೆ ಆ ನಲವತ್ತು ಅಡಿ ರಸ್ತೆ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಬ್ರೋಷರಿನಲ್ಲಿ ಇರುವುದಿಲ್ಲ.

ನಮ್ಮ ಮನೆಗೆ ಸಮೀಪದ ಒಂದು ಬಡಾವಣೆಯ ಕೊನೆಯ ಅಡ್ಡರಸ್ತೆ ಸಿಮೆಂಟ್ ಇಟ್ಟಿಗೆಯ ಗೋಡೆಯೊಂದಕ್ಕೆ ಮುಟ್ಟಿ ಮುಗಿಯುತ್ತದೆ. ಗೋಡೆಯ ಆಚೆ ಅಷ್ಟೇ ಅಗಲದ, ಅಷ್ಟೇ ಚೆನ್ನಾಗಿ ಡಾಂಬರು ಕಂಡ, ಬೇರೊಂದು ಬಡಾವಣೆಯ ರಸ್ತೆ ಬಂದು ನಿಂತಿದೆ. ಒಂದು ಮೂಲೆಯಲ್ಲಿ ಯಾರೋ ಮೇಲಿನ ಎರಡು ವರಸೆ ಇಟ್ಟಿಗೆ ಕಿತ್ತು, ಈಚೆ ಬದಿಗೆ ಒಂದು ಸೈಜುಗಲ್ಲನ್ನು ಮೆಟ್ಟಿಲಿನಂತೆ ಇಟ್ಟಿದ್ದಾರೆ. ಶಾಲೆಯ ಮಕ್ಕಳು ಬ್ಯಾಗನ್ನು ಮೊದಲು ಆಚೆ ಎಸೆದು ಆಮೇಲೆ ತಾವು ಹತ್ತಿ ಇಳಿಯುತ್ತಾರೆ. ವಯಸ್ಸಾದವರು ಮಾತ್ರ ಬಡಾವಣೆಯ ಕಮಾನಿನವರೆಗೆ ನಡೆದು, ಮುಖ್ಯರಸ್ತೆಯ ಅಂಚಿನಲ್ಲಿ ಲಾರಿಗಳಿಗೆ ಹೆದರುತ್ತಾ ಸಾಗಿ, ಮತ್ತೊಂದು ಕಮಾನಿನೊಳಗೆ ಹೊಕ್ಕು ಅದೇ ಗೋಡೆಯ ಆಚೆ ಬದಿಗೆ ತಲುಪಬೇಕು. ಹೀಗಾಗಿ ಕೂಗಿದರೆ ಕೇಳಿಸುವಷ್ಟು ಹತ್ತಿರದ ಅಂಗಡಿಗೂ ಜನ ಸ್ಕೂಟರ್ ತೆಗೆಯುತ್ತಾರೆ.

ಇದು ಯಾರೋ ಒಬ್ಬರು ಕೂತು ಹೂಡಿದ ಸಂಚಲ್ಲ. ಕೃಷಿ ಜಮೀನು ಭೂಪರಿವರ್ತನೆಯಾಗುವುದು ಸರ್ವೆ ನಂಬರಿನ ಲೆಕ್ಕದಲ್ಲಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಪ್ರಕರಣದಡಿ ವಿನ್ಯಾಸಕ್ಕೆ ಅನುಮೋದನೆ ಕೋರುವಾಗಲೂ ಒಬ್ಬ ಮಾಲೀಕ ತನ್ನ ಹಿಡಿತದಲ್ಲಿರುವ ಎರಡು ಮೂರು ಎಕರೆಯ ನಕ್ಷೆಯನ್ನಷ್ಟೇ ತರುತ್ತಾನೆ. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಸೀಳಿ ಸೀಳಿ ಉದ್ದಪಟ್ಟಿಯಾಗಿರುವ ಹಿಸ್ಸೆಗಳಲ್ಲಿ ಹೆಚ್ಚು ಸೈಟು ಕೂರಿಸಬೇಕಾದರೆ ನಡುವೆ ಒಂದು ರಸ್ತೆ, ಎರಡೂ ಬದಿಗೆ ಅಡ್ಡರಸ್ತೆಗಳು, ಇದಲ್ಲದೆ ಬೇರೆ ವಿನ್ಯಾಸ ಹೊಳೆಯುವುದೂ ಕಷ್ಟ. ಬಾಚಣಿಗೆಯಂತಹ ಈ ನಕ್ಷೆಯಲ್ಲಿ ಪ್ರತಿಯೊಂದು ಹಲ್ಲೂ ಪಕ್ಕದವನ ಬದುವಿಗೆ ತಾಗಿ ನಿಲ್ಲುತ್ತದೆ. ಪಕ್ಕದವನು ಐದು ವರ್ಷದ ನಂತರ ಬಡಾವಣೆ ಮಾಡುವಾಗ ಆ ತುದಿಗಳಿಗೆ ತನ್ನ ರಸ್ತೆಯನ್ನು ಕೂಡಿಸಿದರೆ ಬೇರೆಯವರ ವಾಹನಗಳು ತನ್ನ ಬಡಾವಣೆಗೆ ನುಗ್ಗುತ್ತವೆ ಎಂದು ಗೋಡೆ ಕಟ್ಟುತ್ತಾನೆ, ಇಲ್ಲವೇ ಅದೇ ಜಾಗದಲ್ಲಿ ಇನ್ನೊಂದು ಸೈಟು ಹಾಕುತ್ತಾನೆ. ಪರಿವರ್ತನೆಯೂ ಇಲ್ಲದ ರೆವೆನ್ಯೂ ಸೈಟುಗಳ ವಿಷಯದಲ್ಲಂತೂ ನಕ್ಷೆಯನ್ನು ಕೇಳುವುದೇ ದಂಡ.

ರಸ್ತೆಗಳು ಒಂದಕ್ಕೊಂದು ಎಷ್ಟು ಕೂಡಿಕೊಂಡಿವೆ ಎಂದು ಅಳೆಯಲು ಸಣ್ಣ ಲೆಕ್ಕವೊಂದನ್ನು ಹಾಕಿ ನೋಡೋಣ. ನಡುರಸ್ತೆಯ ಆರು ಕಡೆ ಎಡಕ್ಕೂ ಬಲಕ್ಕೂ ಅಡ್ಡರಸ್ತೆಗಳಿರುವ, ಒಂದೇ ಪ್ರವೇಶವಿರುವ ಬಡಾವಣೆಯಲ್ಲಿ ರಸ್ತೆಯ ತುಂಡುಗಳು 18, ಪ್ರವೇಶ, ಕೂಡುಸ್ಥಳ ಮತ್ತು ಮುಚ್ಚಿದ ತುದಿಗಳು ಸೇರಿ ಬಿಂದುಗಳು 19. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ 1ಕ್ಕಿಂತ ಕಡಿಮೆ; ಈ ಅನುಪಾತ ಹೆಚ್ಚಿದಷ್ಟೂ ಓಡಾಡಲು ದಾರಿಗಳು ಹೆಚ್ಚು. ಇಂಥ ಎರಡು ಬಡಾವಣೆಗಳ ಎದುರುಬದುರಿನ ಆರು ತುದಿಗಳನ್ನು ಕೂಡಿಸಿದರೆ ತುಂಡುಗಳು 30, ಬಿಂದುಗಳು 26 ಆಗಿ ಅನುಪಾತ 1.15ಕ್ಕೆ ಏರುತ್ತದೆ, ಅದೂ ಒಂದು ಮನೆಯನ್ನೂ ಕೆಡವದೆ. ಎಲ್ಲ ಕಡೆಗೂ ತೆರೆದ ಚೌಕಳಿ ಜಾಲದಲ್ಲಿ ಈ ಅನುಪಾತ 2ರ ಹತ್ತಿರ ಬರುತ್ತದೆ. ಅಮೆರಿಕದ ಕೆಲವು ಊರುಗಳು ಹೊಸ ಬಡಾವಣೆಗೆ 1.4ರ ಆಸುಪಾಸಿನ ಕನಿಷ್ಠ ಮಿತಿಯನ್ನು ನಿಯಮದಲ್ಲೇ ಬರೆದುಕೊಂಡಿವೆ.

ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಂ ಮಿಲ್ಲರ್ಡ್-ಬಾಲ್ ಎಂಬ ಸಂಶೋಧಕರು ಜನರೇ ಸೇರಿ ರೂಪಿಸುವ ಅಂತರ್ಜಾಲ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು ಆಧರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1975ರಿಂದೀಚೆಗೆ ಜಗತ್ತಿನ ಬಹುಭಾಗದಲ್ಲಿ ಹೊಸ ರಸ್ತೆಗಳು ಹೆಚ್ಚು ಹೆಚ್ಚು ಬಿಡಿಬಿಡಿಯಾಗುತ್ತಿವೆ. ಅಮೆರಿಕದಲ್ಲಿ ಈ ಪ್ರವೃತ್ತಿ 1990ರ ದಶಕದ ನಡುವೆ ತುತ್ತತುದಿ ಮುಟ್ಟಿ ಇಳಿಯತೊಡಗಿತೆಂದು ಅವರದೇ ಹಿಂದಿನ ಅಧ್ಯಯನ ತೋರಿಸಿತ್ತು. ಅಮೆರಿಕದವರು ಕೈಬಿಡುತ್ತಿರುವುದನ್ನು ನಾವು ಹೊಸದೆಂದು ಕಟ್ಟಿಕೊಳ್ಳುತ್ತಿದ್ದೇವೆ. ಕಟ್ಟಡವನ್ನು ಕೆಡವಿ ಕಟ್ಟಬಹುದು, ರಸ್ತೆಯ ಗೆರೆ ಹಾಗಲ್ಲ. ಎಂಜಿನಿಯರ್ ಇಲ್ದೆಫೋನ್ಸ್ ಸೆರ್ದಾ 1859ರಲ್ಲಿ ಬಾರ್ಸಿಲೋನಾಕ್ಕೆ ಎಳೆದ ಚೌಕಳಿಯಲ್ಲೇ ಆ ನಗರದ ಜನ ಇಂದಿಗೂ ಓಡಾಡುತ್ತಿದ್ದಾರೆ.

ಮುಚ್ಚಿದ ತುದಿಯೇ ಚೆನ್ನ ಎನ್ನುವವರೂ ಇದ್ದಾರೆ. ಗಲಾಟೆಯಿಲ್ಲ, ಮಕ್ಕಳು ಬೀದಿಯಲ್ಲಿ ಆಡಬಹುದು, ಕಳ್ಳಕಾಕರ ಭಯ ಕಡಿಮೆ ಎಂಬ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಳಗಿನ ಆ ನೆಮ್ಮದಿಯ ಬೆಲೆಯನ್ನು ಮುಖ್ಯರಸ್ತೆಯ ಬದಿಯಲ್ಲಿ ಬದುಕುವವರು ತೆರುತ್ತಿರುತ್ತಾರೆ. ಅಲ್ಲದೆ ಕಸದ ಆಟೋ, ನೀರಿನ ಟ್ಯಾಂಕರ್, ಆಂಬುಲೆನ್ಸ್ ಎಲ್ಲವೂ ಆ ತುದಿಯಿಂದ ಹಿಮ್ಮುಖವಾಗಿಯೇ ಹೊರಬರಬೇಕು. (ರಸ್ತೆ ಕುತ್ತು ಬಿದ್ದಿದೆಯೆಂದು ಕಾಂಪೌಂಡಿಗೆ ಗಣಪತಿ ಕೂರಿಸುವ ನಾವು, ಆ ರಸ್ತೆಯೇ ಮುಂದೆ ಹೋಗದಿರುವ ಬಗ್ಗೆ ಚಿಂತಿಸುವುದಿಲ್ಲ.) ವಾಹನ ಬೇಡವೆಂದಾದರೆ ಗೋಡೆಯಲ್ಲಿ ಆರಡಿ ಬಿಟ್ಟು ಎರಡು ಕಲ್ಲುಕಂಬ ನೆಟ್ಟರೂ ಸಾಕು, ನಡೆಯುವವರಿಗೂ ಸೈಕಲ್ಲಿಗೂ ದಾರಿಯಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಒಂದು ಸಂಗತಿ. ಈ ಜಮೀನುಗಳ ನಡುವೆ ದಾರಿಗಳು ಮೊದಲೇ ಇದ್ದವು. ಹಳೆಯ ಗ್ರಾಮನಕ್ಷೆಯನ್ನು ಬಿಡಿಸಿ ನೋಡಿದರೆ ಹಳ್ಳಿಯಿಂದ ಹಳ್ಳಿಗೆ, ಹಳ್ಳಿಯಿಂದ ಕೆರೆಗೆ ಸಾಗುವ ಬಂಡಿದಾರಿಗಳೂ ಕಾಲುದಾರಿಗಳೂ ಕಾಣುತ್ತವೆ. ನಕಾಶೆಯಲ್ಲಿ ಗುರುತಾದ ದಾರಿ ಯಾರ ಖಾಸಗಿ ಸ್ವತ್ತೂ ಅಲ್ಲ, ಕಂದಾಯ ದಾಖಲೆಯಲ್ಲಿ ಬಿ ಖರಾಬು ಎಂದು ಸಾರ್ವಜನಿಕ ಬಳಕೆಗೆ ಬಿಟ್ಟ ಇಂಥ ಜಾಗ ಎಲ್ಲರದ್ದು. ಉಳುಮೆ ನಿಂತ ಮೇಲೆ ಬಂಡಿ ಓಡಾಡದ ಆ ಪಟ್ಟಿಗಳು ಒಂದೊಂದಾಗಿ ಕಾಂಪೌಂಡುಗಳ ಒಳಗೆ ಸೇರುತ್ತಿವೆ. ಯೋಜನೆ ಮಾಡುವವರು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ, ಆ ದಾರಿಗಳನ್ನೇ ಉಳಿಸಿ ಅಗಲ ಮಾಡಿ ಬಡಾವಣೆಗಳ ತುದಿಗಳನ್ನು ಅವಕ್ಕೆ ಕೂಡಿಸಿದ್ದರೆ ಸಾಲಗಾಮೆ ರಸ್ತೆಯಿಂದ ಬೇಲೂರು ರಸ್ತೆಯ ಕಡೆಗೆ ಹೋಗುವವರಿಗೆ ಪೇಟೆಯೊಳಗೆ ಬರುವ ಕೆಲಸವೇ ಇರುತ್ತಿರಲಿಲ್ಲ.

ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಮಹಾಯೋಜನೆಯ (ಮಾಸ್ಟರ್ ಪ್ಲ್ಯಾನ್) ಕರಡು ಪ್ರಕಟವಾದಾಗ ಸಾರ್ವಜನಿಕರು ಅಭಿಪ್ರಾಯ ಸಲ್ಲಿಸಲು ಕಾಯ್ದೆ 60 ದಿನಗಳ ಅವಕಾಶ ಕೊಡುತ್ತದೆ. ಆ ಅವಧಿಯಲ್ಲಿ ಬರುವ ಅರ್ಜಿಗಳಲ್ಲಿ ಬಹುತೇಕ ನನ್ನ ಜಮೀನನ್ನು ಕೃಷಿಯ ಹಸಿರು ವಲಯದಿಂದ ವಸತಿಯ ಹಳದಿಗೆ ಬದಲಿಸಿ ಎಂಬಂಥವೇ ಇರುತ್ತವೆ ಎಂದು ಊಹಿಸಲು ಜಾಣತನ ಬೇಕಿಲ್ಲ. ಮುಂದಿನ ಸಲಕ್ಕಾಗಿ ನಾನು ಬೇರೊಂದು ಅರ್ಜಿಯನ್ನು ಸಿದ್ಧಮಾಡಿಕೊಳ್ಳುತ್ತಿದ್ದೇನೆ: ನಮ್ಮ ಸುತ್ತಲಿನ ಯಾವ ಸರ್ವೆ ನಂಬರಿನ ಗಡಿಯಲ್ಲಿ ಯಾವ ರಸ್ತೆ ನಿಂತಿದೆ, ಅದರ ಆಚೆ ಏನಿದೆ, ನಕಾಶೆ ದಾರಿ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಗ್ರಾಮನಕ್ಷೆಯ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಗುರುತುಮಾಡಿ ಲಗತ್ತಿಸುವುದು. ಸಾಲಗಾಮೆ ರಸ್ತೆಯ ಕಡೆಯದು ಒಂದು ಹದಕ್ಕೆ ಬಂದಿದೆ. ಹೊಳೆನರಸೀಪುರ ರಸ್ತೆಯ ಭಾಗದವರು ಯಾರಾದರೂ ತಮ್ಮ ಕಡೆಯ ತುದಿಗಳನ್ನು ಗುರುತಿಸಿಕೊಟ್ಟರೆ ಎರಡನ್ನೂ ಒಟ್ಟಿಗೆ ಸಲ್ಲಿಸಬಹುದು.