ಈಗಿಲ್ಲದ ಒಂದು ಮನೆಯ ಮುಂದೆ

ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್ ಊರು. ಪ್ರಾಸ್ಪೆಕ್ಟ್ ಅವೆನ್ಯೂಗೆ ತಿರುಗಿದ ಮೇಲೆ ಅಕ್ಕ ಕಾರನ್ನು ನಿಧಾನ ಮಾಡಿದಳು.

"ನಂಬರ್ ಎಷ್ಟಂದಿ?"

"25."

ಅಲ್ಲಿ ನಾವು ಹುಡುಕುತ್ತಿದ್ದ ಮನೆ ಇರಲಿಲ್ಲ. ಅದನ್ನು ಕೆಡವಿ ಎಷ್ಟೋ ವರ್ಷವಾಗಿದೆ ಅಂತ ನನಗೆ ಗೊತ್ತಿತ್ತು. ಅಕ್ಕನಿಗೂ ಹೇಳಿದ್ದೆ. ಆದರೂ ಎಡಿಸನ್‌ನಿಂದ ಒಂದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ರಸ್ತೆ ಬದಿಗೆ ನಿಲ್ಲಿಸಿ ಇಬ್ಬರೂ ಇಳಿದೆವು. ಮಾಮೂಲಿ ರಸ್ತೆ, ಮಾಮೂಲಿ ಕಟ್ಟಡಗಳು. ನಾನು ಮಾತ್ರ ಸ್ವಲ್ಪ ಹೊತ್ತು ಏನೂ ಮಾತಾಡದೆ ನಿಂತಿದ್ದೆ. ಹದಿನೈದು ವರ್ಷದಿಂದ ನಾನು ಕೇಳುತ್ತಾ ಬಂದಿರುವ ಜಾಝ್ ರೆಕಾರ್ಡುಗಳಲ್ಲಿ ಅರ್ಧದಷ್ಟು ಹುಟ್ಟಿದ್ದು ಈ ಜಾಗದಲ್ಲಿ.

ಇಲ್ಲಿದ್ದದ್ದು ರೂಡಿ ವ್ಯಾನ್ ಗೆಲ್ಡರ್ ಅವರ ಅಪ್ಪ ಅಮ್ಮನ ಮನೆ. ರೂಡಿ ಹಗಲು ಹೊತ್ತು ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಿದ್ದರು. ಸಂಜೆಯಾದರೆ ಮನೆಯ ಹಾಲ್‌ನಲ್ಲೇ ಸಂಗೀತ ಮುದ್ರಣ. ಪಕ್ಕದ ಕೋಣೆಯಲ್ಲಿ ಯಂತ್ರಗಳು, ನಡುವೆ ಒಂದು ಗಾಜಿನ ಕಿಟಕಿ. ಮೈಕ್ ಎಲ್ಲಿಡಬೇಕು ಅನ್ನೋದು ಅವರಿಗೆ ಮಾತ್ರ ಗೊತ್ತು, ಬೇರೆಯವರು ಅದನ್ನು ಮುಟ್ಟುವ ಹಾಗಿಲ್ಲ. 1950ರ ದಶಕದಲ್ಲಿ ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡು ಕಂಪನಿಯ ಆಲ್ಫ್ರೆಡ್ ಲಯನ್ ಈ ಹಾಲ್‌ಗೆ ಬಂದರು. ಆಮೇಲೆ ಅವರು ಬೇರೆ ಜಾಗ ಹುಡುಕಲೇ ಇಲ್ಲ.

ಲಯನ್ ಬರ್ಲಿನ್ನಿನವರು. 1925ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಆ ಊರಿಗೆ ಬಂದ ಸ್ಯಾಮ್ ವುಡಿಂಗ್ ಅವರ ತಂಡವನ್ನು ಕೇಳಿ ಜಾಝ್ ಹುಚ್ಚು ಹಿಡಿಸಿಕೊಂಡರು. 1938ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನ ಒಂದು ಸಂಗೀತ ಕಛೇರಿಯಲ್ಲಿ ಆಲ್ಬರ್ಟ್ ಆಮನ್ಸ್ ಮತ್ತು ಮೀಡ್ ಲಕ್ಸ್ ಲೂಯಿಸ್ ಪಿಯಾನೊ ನುಡಿಸಿದ್ದನ್ನು ಕೇಳಿದರು. ಎರಡೇ ವಾರದಲ್ಲಿ, 1939ರ ಜನವರಿ 6ರಂದು, ಇಬ್ಬರನ್ನೂ ಕರೆದು ಮುದ್ರಿಸಿಕೊಂಡರು. ಬ್ಲೂ ನೋಟ್ ಶುರುವಾಗಿದ್ದು ಹೀಗೆ. ಅದೇ ವರ್ಷದ ಕೊನೆಗೆ ಅವರ ಬಾಲ್ಯದ ಗೆಳೆಯ ಫ್ರಾನ್ಸಿಸ್ ವುಲ್ಫ್ ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಬಂದು ಜೊತೆಯಾದರು. ವುಲ್ಫ್ ಫೋಟೋ ತೆಗೆಯುತ್ತಿದ್ದರು. ಇಂದು ನಮಗೆ ಆ ಹಾಲ್ ಕಾಣೋದು ಅವರ ಫೋಟೋಗಳಿಂದಲೇ.

ಇನ್ನೊಂದು ಮಾತು. ಬ್ಲೂ ನೋಟ್‌ನವರು ಮುದ್ರಣಕ್ಕೆ ಮುಂಚೆ ತಾಲೀಮು ಮಾಡಿಸುತ್ತಿದ್ದರು, ಆ ತಾಲೀಮಿಗೂ ದುಡ್ಡು ಕೊಡುತ್ತಿದ್ದರು. ಆ ಕಾಲದ ಸಣ್ಣ ಕಂಪನಿಗಳಲ್ಲಿ ಇದು ಅಪರೂಪ. ಕಲಾವಿದರಿಗೆ ಹೊತ್ತು ಕೊಟ್ಟರೆ ಏನಾಗುತ್ತದೆ ಅನ್ನೋದು ಆ ರೆಕಾರ್ಡುಗಳಲ್ಲಿ ಕಿವಿಗೆ ಗೊತ್ತಾಗುತ್ತದೆ.

ಅಕ್ಕ ಕಾರಿನೊಳಗೆ ಕೂತು, "ಇಲ್ಲಿದು ಯಾವುದರೆ ಒಂದು ಹಚ್ಚು" ಅಂದಳು.

ಅಕ್ಕನ ಬಗ್ಗೆ ಹೇಳಬೇಕು. ಧಾರವಾಡದಲ್ಲಿ ಅವಳು ಒಂಬತ್ತು ವರ್ಷ ಹಿಂದೂಸ್ತಾನಿ ಕಲಿತಳು. ಮಾಸ್ತರರ ಮನೆಯ ಹಾಲ್‌ನಲ್ಲಿ ಪಾಠ, ಅಲ್ಲೇ ತಿಂಗಳಿಗೊಂದು ಬೈಠಕ್. ಅವಳನ್ನು ಕರೆದುಕೊಂಡು ಬರಲು ಹೋಗಿ ಮೂಲೆಯಲ್ಲಿ ಕೂತು ಕೇಳುತ್ತಿದ್ದವನು ನಾನು. ಆಗ ಸ್ಯಾಕ್ಸೊಫೋನ್ ಅಂದರೆ ನಮ್ಮಿಬ್ಬರಿಗೂ ಕದ್ರಿ ಗೋಪಾಲನಾಥರೇ. ಆಮೇಲೆ ಅವರು ಅಮೆರಿಕದ ರುದ್ರೇಶ್ ಮಹಂತಪ್ಪ ಅವರ ಜೊತೆ ನುಡಿಸಿದ 'ಕಿನ್ಸ್‌ಮೆನ್' ಸಿಕ್ಕಿತು. ಅದರ ಬಾಲ ಹಿಡಿದು ನಾನು ಜಾಝ್‌ಗೆ ಬಂದೆ. ಅಕ್ಕ ಮದುವೆಯಾಗಿ ಎಡಿಸನ್‌ಗೆ ಬಂದಳು, ಹಾಡೋದು ನಿಂತಿತು. ಆದರೆ ಕಿವಿ ಮಾತ್ರ ಹಾಗೇ ಇದೆ.

ನಾನು ಹಾಕಿದ್ದು ಸ್ಯಾಕ್ಸೊಫೋನ್ ಕಲಾವಿದ ಜಾನ್ ಕೋಲ್ಟ್ರೇನ್ ಅವರ 'ಬ್ಲೂ ಟ್ರೇನ್'. 1957ರ ಸೆಪ್ಟೆಂಬರ್ 15ರಂದು ಇದೇ ಜಾಗದಲ್ಲಿ ಆದದ್ದು. ಕೋಲ್ಟ್ರೇನ್ ಮುಂದಾಳಾಗಿ ಬ್ಲೂ ನೋಟ್‌ಗೆ ಕೊಟ್ಟದ್ದು ಇದೊಂದೇ ರೆಕಾರ್ಡು. ಐದು ರಚನೆಗಳಲ್ಲಿ ನಾಲ್ಕು ಅವರದ್ದೇ. ಮೂರು ವಾದ್ಯಗಳು ಒಟ್ಟಿಗೆ ಆ ಮೊದಲ ಸಾಲು ಹೇಳುತ್ತವೆ: ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರೊಂಬೋನ್. ಯಾರೋ ಒಂದು ಗಂಭೀರವಾದ ಪ್ರಶ್ನೆ ಕೇಳಿದ ಹಾಗೆ. ಟ್ರಂಪೆಟ್ ನುಡಿಸಿದ ಲೀ ಮಾರ್ಗನ್‌ಗೆ ಆಗ 19 ವರ್ಷ.

ಅಕ್ಕ ಪೂರ್ತಿ ಕೇಳಿದಳು. "ಎಲ್ಲಾರೂ ಭಾಳ ಹತ್ರ ನಿಂತಾರ ಅಲಾ? ಉಸಿರು ಕೇಳಸ್ತದ" ಅಂದಳು. ಹದಿನೈದು ವರ್ಷ ಕೇಳಿದರೂ ನನಗೆ ಈ ಮಾತು ಹೊಳೆದಿರಲಿಲ್ಲ.

ಆಮೇಲೆ ಕ್ಯಾನನ್‌ಬಾಲ್ ಆಡರ್ಲಿಯವರ 'ಸಮ್‌ಥಿಂಗ್ ಎಲ್ಸ್' ಹಾಕಿದೆ. ಅದೂ ಈ ಹಾಲ್‌ನದ್ದೇ, 1958ರ ಮಾರ್ಚ್ 9. ಟ್ರಂಪೆಟ್ ನುಡಿಸಿದ ಮೈಲ್ಸ್ ಡೇವಿಸ್ ಆಗಲೇ ದೊಡ್ಡ ಹೆಸರು. ಆದರೂ ಇಲ್ಲಿ ಗೆಳೆಯನ ಪಕ್ಕ ಕೂತು ನುಡಿಸಿದ್ದಾರೆ. ಅದರಲ್ಲಿ 'ಒನ್ ಫಾರ್ ಡ್ಯಾಡಿ-ಒ' ಮುಗಿಯುವಾಗ ಒಂದು ಗೊಗ್ಗರು ದನಿ ಬರುತ್ತದೆ. ನಿನಗೆ ಬೇಕಾಗಿದ್ದು ಇದೇನಾ ಆಲ್ಫ್ರೆಡ್, ಅಂತ ಮೈಲ್ಸ್ ಕೇಳುತ್ತಾರೆ. ಯಾರೂ ಅದನ್ನು ಕತ್ತರಿಸಲಿಲ್ಲ. ಹಾಗೇ ಬಿಟ್ಟರು. ಈಗ ಆ ಮನೆ ಇಲ್ಲ, ಗೋಡೆ ಇಲ್ಲ, ಆದರೆ ಆ ಹಾಲ್‌ನಲ್ಲಿ ಒಬ್ಬ ಇನ್ನೊಬ್ಬನನ್ನು ಕೇಳಿದ ಪ್ರಶ್ನೆ ಉಳಿದಿದೆ.

"ಏನಂದಾ ಅಂವಾ? ಮತ್ತೊಮ್ಮೆ ಹಚ್ಚು" ಅಂದಳು ಅಕ್ಕ. ಮೂರು ಸಲ ಕೇಳಿದೆವು.

ಅಲ್ಲಿಂದ ಎಂಗಲ್‌ವುಡ್ ಕ್ಲಿಫ್ಸ್ ದೂರವೇನಲ್ಲ. 1959ರಲ್ಲಿ ರೂಡಿ ಕಣ್ಣಿನ ಕೆಲಸ ಬಿಟ್ಟು ಇಲ್ಲಿ ಸಿಲ್ವನ್ ಅವೆನ್ಯೂದಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಸಿದರು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ಪ್ರಭಾವದಲ್ಲಿ ಡೇವಿಡ್ ಹೆಂಕನ್ ಮಾಡಿದ ವಿನ್ಯಾಸ. ಒಳಗೆ ಮರದ ಕಮಾನುಗಳು, 39 ಅಡಿ ಎತ್ತರದ ಮರದ ಮಾಡು. ನೋಡಿದವರೆಲ್ಲ ಚರ್ಚಿಗೆ ಹೋಲಿಸುತ್ತಾರೆ. ನಾವು ಹೋದ ದಿನ ಒಳಗೆ ಹೋಗಲು ಆಗಲಿಲ್ಲ. ಮರಗಳ ಸಂದಿಯಲ್ಲಿ ಮಾಡಿನ ಚೂಪು ತುದಿ ಕಂಡಿತು, ಅಷ್ಟೇ. ನನಗೆ ಅಷ್ಟು ಸಾಕಾಯಿತು. ರೂಡಿ 2016ರಲ್ಲಿ ತೀರಿಕೊಳ್ಳುವ ತನಕ ಇದ್ದದ್ದು ಇಲ್ಲೇ.

ಈ ಮಾಡಿನ ಕೆಳಗೆ ಆದದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1964ರ ಡಿಸೆಂಬರ್ 9ರಂದು ಕೋಲ್ಟ್ರೇನ್ ಬಂದು ಬೇರೆ ಕಂಪನಿಗಾಗಿ 'ಎ ಲವ್ ಸುಪ್ರೀಮ್' ನುಡಿಸಿದರು. ಹದಿನೈದೇ ದಿನಕ್ಕೆ, ಕ್ರಿಸ್‌ಮಸ್ ಹಿಂದಿನ ದಿನ, ವೇಯ್ನ್ ಶಾರ್ಟರ್ ಇಲ್ಲೇ ಬ್ಲೂ ನೋಟ್‌ಗೆ 'ಸ್ಪೀಕ್ ನೋ ಈವಿಲ್' ನುಡಿಸಿದರು. ಮೂರು ತಿಂಗಳು ಬಿಟ್ಟು ಹರ್ಬಿ ಹ್ಯಾನ್‌ಕಾಕ್ ಅವರ 'ಮೇಡನ್ ವಾಯೇಜ್'. ಡ್ರಮ್ಸ್‌ಗೆ ಕೂತ ಟೋನಿ ವಿಲಿಯಮ್ಸ್‌ಗೆ ಇನ್ನೂ 19. ಅದನ್ನು ಕೇಳುವಾಗ ನನಗೆ ಯಾವಾಗಲೂ ಬೆಳಗಿನ ಜಾವದ ನೀರು ಕಾಣುತ್ತದೆ. ಎರಿಕ್ ಡಾಲ್ಫಿಯ 'ಔಟ್ ಟು ಲಂಚ್' ಕೂಡ ಇಲ್ಲಿಯದ್ದೇ. ಅದು ನನಗೆ ಒಲಿಯಲು ವರ್ಷಗಳು ಬೇಕಾದವು. ಅದನ್ನು ನುಡಿಸಿ ನಾಲ್ಕು ತಿಂಗಳಲ್ಲಿ ಡಾಲ್ಫಿ ಬರ್ಲಿನ್ನಿನಲ್ಲಿ ತೀರಿಕೊಂಡರು.

ಆದರೆ ವಾಪಸ್ ಬರುವಾಗ ನಾನು ಹಾಕಿದ್ದು ಗ್ರಾಂಟ್ ಗ್ರೀನ್ ಅವರ 'ಐಡಲ್ ಮೊಮೆಂಟ್ಸ್'. 1963ರ ನವೆಂಬರ್. ಪಿಯಾನೊದವರಾದ ಡ್ಯೂಕ್ ಪಿಯರ್ಸನ್ ಬರೆದ ನಿಧಾನದ ರಚನೆ. ಒಬ್ಬೊಬ್ಬರೂ ಇಷ್ಟು ಹೊತ್ತು ಅಂತ ಮೊದಲೇ ಮಾತಾಗಿತ್ತು. ಗಿಟಾರ್ ಹಿಡಿದ ಗ್ರೀನ್ ಲೆಕ್ಕ ತಪ್ಪಿ ಅದರ ಎರಡರಷ್ಟು ನುಡಿಸಿಬಿಟ್ಟರು. ಉಳಿದವರೂ ಅವರ ಹಿಂದೆಯೇ ಹೋದರು. ಹಾಡು ಹೆಚ್ಚು ಕಡಿಮೆ 15 ನಿಮಿಷವಾಯಿತು. ರೆಕಾರ್ಡಿನಲ್ಲಿ ಅಷ್ಟು ಜಾಗ ಎಲ್ಲಿದೆ? ಮತ್ತೊಮ್ಮೆ ಚಿಕ್ಕದಾಗಿ ನುಡಿಸಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಇದು ಚೆನ್ನಾಗಿ ಬಂದಿದೆ, ಇರಲಿ ಅಂತ ಇಟ್ಟುಕೊಂಡು, ಇನ್ನೊಂದು ದಿನ ಎಲ್ಲರನ್ನೂ ಕರೆಸಿ ಬೇರೆ ಎರಡು ರಚನೆಗಳನ್ನು ಚಿಕ್ಕದು ಮಾಡಿಸಿಕೊಂಡರು. ನನಗೆ ಬ್ಲೂ ನೋಟ್ ಅಂದರೆ ಇದು. ಒಂದೇ ರೆಕಾರ್ಡು ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

"ವಿಲಂಬಿತ ಇದು. ಅವಸರ ಇಲ್ಲ ನೋಡು ಯಾರಿಗೂ" ಅಂದಳು ಅಕ್ಕ. ಟರ್ನ್‌ಪೈಕ್‌ನಲ್ಲಿ ಲಾರಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅವಳು ಬಲಗಡೆಯ ಸಾಲಿನಲ್ಲಿ ನಿಧಾನಕ್ಕೇ ಓಡಿಸಿದಳು.

ಸೋಮವಾರ ಅಕ್ಕ ರಜೆ ಹಾಕಿದಳು. ರೈಲು ಹಿಡಿದು ನ್ಯೂಯಾರ್ಕಿಗೆ ಹೋದೆವು. ಮೊದಲು ಒಂದು ಹಳೇ ರೆಕಾರ್ಡ್ ಅಂಗಡಿ. ಅಲ್ಲಿಯ ಹಿರಿಯರು ಬ್ಲೂ ನೋಟ್‌ನ ಒಂದು ಹಳೇ ರೆಕಾರ್ಡನ್ನು ಕವಚದಿಂದ ತೆಗೆದು, ಅಂಚು ಮಾತ್ರ ಹಿಡಿದು ತೋರಿಸಿದರು. ನಡುವಿನ ಲೇಬಲ್ ಮೇಲೆ ಕಂಪನಿಯ ವಿಳಾಸ ಅಚ್ಚಾಗಿರುತ್ತದೆ. 767 ಲೆಕ್ಸಿಂಗ್ಟನ್ ಅವೆನ್ಯೂ ಅಂತಿದ್ದರೆ ಹಳೆಯದು. 47 ವೆಸ್ಟ್ 63ನೇ ಬೀದಿ ಅಂತಿದ್ದರೆ ಆಮೇಲಿನದು. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕಿವಿಯ ಹಾಗೆ ಕಾಣುವ ಒಂದು ಸಣ್ಣ ಗುರುತು ಇರುತ್ತದೆ. ಅದು ಆ ರೆಕಾರ್ಡುಗಳನ್ನು ಅಚ್ಚು ಹಾಕುತ್ತಿದ್ದ ನ್ಯೂಜೆರ್ಸಿಯ ಪ್ಲಾಸ್ಟಿಲೈಟ್ ಕಾರ್ಖಾನೆಯದ್ದು. ಬೆಲೆಯ ಚೀಟಿಯಲ್ಲಿ ನಾಲ್ಕಂಕಿ ಡಾಲರ್ ಇತ್ತು. ನಾನು ಹೊಸ ಮುದ್ರಣದ 'ಐಡಲ್ ಮೊಮೆಂಟ್ಸ್' ಕೊಂಡೆ.

ರೀಡ್ ಮೈಲ್ಸ್ ವಿನ್ಯಾಸ ಮಾಡಿದ ಬ್ಲೂ ನೋಟ್ ಕವಚಗಳನ್ನು ಸಾಲಾಗಿ ನೋಡೋದೇ ಒಂದು ಹಬ್ಬ. ವುಲ್ಫ್ ತೆಗೆದ ಫೋಟೋ, ಅದರ ಮೇಲೆ ಒಂದೇ ಬಣ್ಣ, ದಪ್ಪ ಅಕ್ಷರ. ಹೊರೇಸ್ ಸಿಲ್ವರ್ ಅವರ 'ಸಾಂಗ್ ಫಾರ್ ಮೈ ಫಾದರ್' ಕವಚದಲ್ಲಿ ಟೋಪಿ ಹಾಕಿ ಚುಟ್ಟಾ ಹಿಡಿದು ಕೂತವರು ನಿಜವಾಗಿಯೂ ಅವರ ಅಪ್ಪ, ಕೇಪ್ ವರ್ಡ್ ದ್ವೀಪದಿಂದ ಬಂದವರು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ಲೇಬಲ್ ಮೇಲಿನ ವಿಳಾಸ ಹುಡುಕಿಕೊಂಡು 63ನೇ ಬೀದಿಗೆ ಹೋದೆವು. ಬ್ಲೂ ನೋಟ್‌ನ ಕುರುಹು ಏನೂ ಸಿಗಲಿಲ್ಲ. ಆದರೆ ಅದೇ ಬೀದಿಯ ಇನ್ನೊಂದು ತುದಿ, 243ನೇ ನಂಬರಿನಲ್ಲಿ, ಪಿಯಾನೊ ಕಲಾವಿದ ಥೆಲೋನಿಯಸ್ ಮಂಕ್ ಬದುಕಿನ ಹೆಚ್ಚಿನ ಭಾಗ ಇದ್ದರು. ನಡುವೆ ಲಿಂಕನ್ ಸೆಂಟರ್ ಅಡ್ಡ ಬರುತ್ತದೆ, ಸುತ್ತು ಹಾಕಿ ವೆಸ್ಟ್ ಎಂಡ್ ಅವೆನ್ಯೂ ಕಡೆಯಿಂದ ಒಳಗೆ ಬರಬೇಕು. ಆ ಜಾಗಕ್ಕೆ ಈಗ ಅವರದೇ ಹೆಸರಿದೆ.

1947ರಲ್ಲಿ ಐಕ್ ಕ್ವಿಬೆಕ್ ಅನ್ನೋ ಸ್ಯಾಕ್ಸೊಫೋನ್ ಕಲಾವಿದರು ಲಯನ್ ಮತ್ತು ಅವರ ಹೆಂಡತಿ ಲೊರೇನ್ ಅವರನ್ನು ಇಲ್ಲಿಗೆ ಕರೆತಂದರು. ಅಡುಗೆಮನೆ ಪಕ್ಕದ ಪುಟ್ಟ ಕೋಣೆ, ಒಂದು ಪಿಯಾನೊ, ಒಂದು ಮಂಚ. ಇವರು ಮಂಚದ ಮೇಲೆ ಕೂತು ಕೇಳಿದರು. ಆ ಅಕ್ಟೋಬರ್ 15ರಂದು ಮಂಕ್ ಮುಂದಾಳಾಗಿ ನುಡಿಸಿದ ಮೊದಲ ಮುದ್ರಣ. ಐದಾರು ವಾರದಲ್ಲಿ ಮತ್ತೆರಡು. ರೆಕಾರ್ಡು ಮಾರಾಟವಾಗಲಿಲ್ಲ. ಲಯನ್ 1952ರ ತನಕ ಅವರನ್ನು ಕರೆಯುತ್ತಲೇ ಇದ್ದರು. ಬೀದಿಯಲ್ಲೇ ನಿಂತು ಅಕ್ಕನಿಗೆ 'ರೂಬಿ, ಮೈ ಡಿಯರ್' ಕೇಳಿಸಿದೆ. "ತಪ್ಪಿದ್ದಲ್ಲ ಇದು, ಬೇಕಂತನ ಹಂಗ ಇಟ್ಟಾನ" ಅಂದಳು.

ರಾತ್ರಿ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ಜಾಝ್ ಕ್ಲಬ್. ಏಳನೇ ಅವೆನ್ಯೂ ಸೌತ್‌ನಲ್ಲಿ ಕೆಂಪು ಬಾಗಿಲು, ಕೆಳಗೆ ಇಳಿಯಲು 15 ಮೆಟ್ಟಿಲು, ಆಮೇಲೆ ತ್ರಿಕೋನದಂಥ ನೆಲಮಾಳಿಗೆ. ಮ್ಯಾಕ್ಸ್ ಗಾರ್ಡನ್ 1935ರಲ್ಲಿ ಇಲ್ಲಿ ಬಾಗಿಲು ತೆರೆದರು. (ಇದೇ ಊರಿನಲ್ಲಿ ಬ್ಲೂ ನೋಟ್ ಅನ್ನೋ ಕ್ಲಬ್ ಕೂಡ ಇದೆ. 1981ರಲ್ಲಿ ಶುರುವಾದದ್ದು, ಹೆಸರಷ್ಟೇ ಒಂದು.) ನಮ್ಮ ಕಥೆಗೆ ವ್ಯಾನ್‌ಗಾರ್ಡ್ ಬಹಳ ಹತ್ತಿರದ್ದು. ಲೊರೇನ್ 1948ರಲ್ಲಿ ಮ್ಯಾಕ್ಸ್ ಬಳಿ ಹೇಳಿ ಮಂಕ್‌ಗೆ ಇಲ್ಲಿ ನುಡಿಸಲು ಅವಕಾಶ ಕೊಡಿಸಿದರು. ಕೇಳಲು ಜನ ಬರಲಿಲ್ಲ. ಮುಂದೆ ಲೊರೇನ್, ಲಯನ್ ಅವರಿಂದ ಬೇರೆಯಾಗಿ ಮ್ಯಾಕ್ಸ್ ಅವರನ್ನು ಮದುವೆಯಾದರು. 1989ರಲ್ಲಿ ಮ್ಯಾಕ್ಸ್ ಹೋದ ಮೇಲೆ, 2018ರಲ್ಲಿ ತಾವು ತೀರಿಕೊಳ್ಳುವ ತನಕ ಈ ಜಾಗವನ್ನು ಕಾಪಾಡಿದವರು ಲೊರೇನ್.

ಬ್ಲೂ ನೋಟ್‌ಗಾಗಿ 1957ರ ನವೆಂಬರ್ 3ರಂದು ಸನ್ನಿ ರೋಲಿನ್ಸ್ ಇಲ್ಲಿ ನುಡಿಸಿದ್ದನ್ನು ರೂಡಿ ಮುದ್ರಿಸಿದರು. ಪಿಯಾನೊ ಇಲ್ಲ. ಬರೀ ಸ್ಯಾಕ್ಸೊಫೋನ್, ಬಾಸ್, ಡ್ರಮ್ಸ್. ಆಸರೆಗೆ ಏನೂ ಇಲ್ಲದೆ ರೋಲಿನ್ಸ್ ಒಂದು ಎಳೆಯನ್ನು ಹಿಡಿದು ಎಳೆಯುತ್ತಾ, ತಿರುಗಿಸುತ್ತಾ ಎಲ್ಲಿಂದ ಎಲ್ಲಿಗೋ ಹೋಗಿ ಸರಿಯಾಗಿ ಬಂದು ಸೇರುತ್ತಾರೆ. ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವಾಗಿನ ಸುಖ ಗೊತ್ತಿರುವವರು ಇದನ್ನು ತಪ್ಪದೆ ಕೇಳಬೇಕು.

ಸೋಮವಾರ ಇಲ್ಲಿ ದೊಡ್ಡ ವಾದ್ಯವೃಂದದ ದಿನ, 1966ರಿಂದ ನಡೆದುಕೊಂಡು ಬಂದಿದೆ. ಹದಿನಾರು ಜನ ಆ ಪುಟ್ಟ ವೇದಿಕೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತರು. ನಮಗೂ ಅವರಿಗೂ ಎರಡು ಮಾರು ದೂರ. ಟ್ರೊಂಬೋನ್‌ಗಳು ಒಟ್ಟಿಗೆ ಎದ್ದಾಗ ಟೇಬಲ್ ಮೇಲಿನ ಗ್ಲಾಸು ಅದುರಿತು. ಅಕ್ಕನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಎಡಿಸನ್‌ಗೆ ಹೋಗುವ ರೈಲಿನಲ್ಲಿ ಜನ ಕಡಿಮೆ. ಅಕ್ಕ ಕೇಳಿದಳು, "ಆ ಹ್ಯಾಕನ್‌ಸ್ಯಾಕ್ ಮನಿ ಫೋಟೋ ಅದ ಏನು ನಿನ್ನ ಕಡೆ?"

ಫೋನಿನಲ್ಲಿ ವುಲ್ಫ್ ತೆಗೆದ ಒಂದನ್ನು ತೋರಿಸಿದೆ. ಕಿಟಕಿಗೆ ಪಟ್ಟಿ ಪಟ್ಟಿ ಪರದೆ, ಅದರ ಮುಂದೆ ಕಣ್ಣು ಮುಚ್ಚಿ ನುಡಿಸುತ್ತಿರುವ ಒಬ್ಬ ಮನುಷ್ಯ. ಅಕ್ಕ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಗೋಡೆ, ಮೂಲೆ, ನೆಲ ಎಲ್ಲಾ ನೋಡಿದಳು.

"ನಮ್ಮ ಮಾಸ್ತರ್ ಮನಿ ಹಾಲ್‌ನೂ ಇಷ್ಟ ಇತ್ತಲ್ಲೋ" ಅಂದಳು.